ಬಾಗಿಲಲ್ಲಿ ನಿಂತ ಬಂಡಿ, ಮನೆಯೊಳಗಿನ ಜ್ವರ

2024ರ ಶ್ರಾವಣ ಮುಗಿಯುತ್ತಿದ್ದ ದಿನಗಳು. ಶ್ರೀರಾಂಪುರದ ಕಿರುಬೀದಿಯೊಂದರಿಂದ ಒಂಬತ್ತು ವರ್ಷದ ಬಾಲಕನೊಬ್ಬನನ್ನು ಅವನ ಅಜ್ಜಿ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಎರಡು ದಿನಗಳಿಂದ ಜ್ವರ, ಕಣ್ಣಿನ ಹಿಂಬದಿಯಲ್ಲಿ ನೋವು, ಕೈಕಾಲುಗಳ ಸೆಳೆತ. ನಾಡಿ ನೋಡಿದೆವು, ನಾಲಗೆ ನೋಡಿದೆವು, ರಕ್ತಪರೀಕ್ಷೆಗೆ ಚೀಟಿ ಬರೆದುಕೊಟ್ಟೆವು. ಮರುದಿನ ಡೆಂಗೀ ಎಂಬುದು ಖಚಿತವಾಯಿತು. ದ್ರವಾಹಾರ, ವಿಶ್ರಾಂತಿ, ಎಚ್ಚರಿಕೆಯ ಲಕ್ಷಣಗಳು ಎಲ್ಲವನ್ನೂ ತಿಳಿಸಿ ಕಳುಹಿಸಿದೆವು.

ಐದನೆಯ ದಿನ ಜ್ವರ ಇಳಿಯಿತು. ಮನೆಯವರಿಗೆ ಸಮಾಧಾನವಾಯಿತು. ಪಕ್ಕದ ಮನೆಯವರು ತಂದುಕೊಟ್ಟ ಪರಂಗಿ ಎಲೆಯ ರಸವನ್ನು ಕುಡಿಸುತ್ತಾ, ಇನ್ನೇನು ಹುಡುಗ ಶಾಲೆಗೆ ಹೋಗುತ್ತಾನೆಂದು ನಂಬಿದ್ದರು. ಹುಡುಗ ಹೊಟ್ಟೆನೋವೆಂದ, ಎರಡು ಬಾರಿ ವಾಂತಿ ಮಾಡಿದ, ಮಂಕಾಗಿ ಮಲಗಿದ. ರಸ ಒಗ್ಗಲಿಲ್ಲವೆಂದು ಮನೆಯವರು ತಿಳಿದರು. ಆರನೆಯ ದಿನದ ಸಂಜೆ ಅವನನ್ನು ಮತ್ತೆ ನಮ್ಮಲ್ಲಿಗೆ ತಂದಾಗ ಅಂಗೈ ಅಂಗಾಲುಗಳು ತಣ್ಣಗಾಗಿದ್ದವು, ನಾಡಿ ಎಳೆಯಂತೆ ಸಣ್ಣಗಾಗಿತ್ತು. ಔಷಧದ ಕಪಾಟಿನ ಕಡೆ ತಿರುಗದೆ, ಒಂದು ಪತ್ರ ಬರೆದು ಆ ಕ್ಷಣವೇ ಆಸ್ಪತ್ರೆಗೆ ಕಳುಹಿಸಿದೆವು. ನಾಲ್ಕು ದಿನ ಅಲ್ಲಿದ್ದು ಬಾಲಕ ಗುಣಮುಖನಾಗಿ ಬಂದ. ಆ ರಾತ್ರಿ ಇನ್ನಷ್ಟು ತಡವಾಗಿದ್ದರೆ ಈ ಲೇಖನವನ್ನು ಬರೆಯುವ ಮನಸ್ಸು ನಮಗೆ ಇರುತ್ತಿರಲಿಲ್ಲ.

ಹುಡುಗ ಮನೆಗೆ ಮರಳಿದ ಭಾನುವಾರ ನಾವು ಅವರ ಬೀದಿಗೆ ಹೋದೆವು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯೊಂದು ಉಳಿದುಹೋಗಿತ್ತು. ಮಗುವಿನ ನಾಡಿ ನೋಡಿದ ನಾವು ಮಗು ಮಲಗುವ ಮನೆಯ ಸುತ್ತ ಏನಿದೆಯೆಂದು ಕೇಳಿರಲಿಲ್ಲ. ಮೂವತ್ತು ವರ್ಷಗಳಿಗೂ ಮೀರಿದ ವೃತ್ತಿಯ ಬಳಿಕವೂ ಇಂತಹ ಮರೆವು ಆಗುತ್ತದೆ.

ಬಾಗಿಲಿನ ಎಡಕ್ಕೆ, ಕಿಟಕಿಗೆ ತಾಗಿದಂತೆ ಒಂದು ಆಟೋರಿಕ್ಷಾ ನಿಂತಿತ್ತು. ಮೂರು ಚಕ್ರಗಳೂ ಗಾಳಿಯಿಲ್ಲದೆ ನೆಲಕ್ಕೆ ಅಂಟಿದ್ದವು. ಮೇಲೊಂದು ನೀಲಿ ಟಾರ್ಪಾಲು ಹೊದಿಸಿ, ಅದು ಗಾಳಿಗೆ ಹಾರದಿರಲೆಂದು ಎರಡು ಹಳೆಯ ಟೈರುಗಳನ್ನು ಹೇರಿದ್ದರು. ಟಾರ್ಪಾಲಿನ ನಡುವೆ ಕುಳಿಬಿದ್ದ ಕಡೆ ಎರಡು ಚೊಂಬಿನಷ್ಟು ಮಳೆನೀರು ತಿಳಿಯಾಗಿ ನಿಂತಿತ್ತು. ಟೈರುಗಳ ಒಳಗೂ ನೀರು. ಆ ವೇಳೆಗೆ ಬೀದಿಯಲ್ಲಿ ಲಾರ್ವಾ ಸಮೀಕ್ಷೆಗೆಂದು ಬಂದಿದ್ದ ಆಶಾ ಕಾರ್ಯಕರ್ತೆಯೊಬ್ಬರು ಬಿಳಿಯ ಬಟ್ಟಲಿನಲ್ಲಿ ಆ ನೀರನ್ನು ತುಂಬಿ ಅಜ್ಜಿಯ ಮುಂದೆ ಹಿಡಿದರು. ಎಳ್ಳಿನ ಸಿಪ್ಪೆಯಂತಹ ಸಣ್ಣ ಜೀವಿಗಳು ಬಟ್ಟಲಿನ ತುಂಬ ಮೇಲೆ ಕೆಳಗೆ ನುಲಿಯುತ್ತಿದ್ದವು. ಅಜ್ಜಿ ಬಹಳ ಹೊತ್ತು ನೋಡಿ, "ಡಾಕ್ಟ್ರೇ, ಇದು ನಮ್ಮ ಯಜಮಾನರು ಕಾಯಕ ಮಾಡಿದ ಗಾಡಿ" ಎಂದಷ್ಟೇ ಹೇಳಿದರು.

ಯಜಮಾನರು ಲಿಂಗೈಕ್ಯರಾಗಿ ಐದು ವರ್ಷಗಳಾಗಿದ್ದವು. ಇಪ್ಪತ್ತೆರಡು ವರ್ಷ ಅವರು ಆ ಗಾಡಿಯನ್ನೋಡಿಸಿ ಇಬ್ಬರು ಮಕ್ಕಳನ್ನು ಓದಿಸಿದರು, ಆ ಮನೆಯ ಮೇಲೊಂದು ಅಂತಸ್ತು ಕಟ್ಟಿಸಿದರು. ಪ್ರತಿ ವರ್ಷ ಆಯುಧಪೂಜೆಯಂದು ಅಜ್ಜಿ ಟಾರ್ಪಾಲು ತೆಗೆದು ಗಾಡಿಯನ್ನು ತೊಳೆಸಿ, ವಿಭೂತಿ ಧರಿಸಿ, ಹೂಮಾಲೆ ಹಾಕಿ, ನಿಂಬೆಹಣ್ಣು ಇಡುತ್ತಿದ್ದರು. ಮರುದಿನ ಮತ್ತೆ ಟಾರ್ಪಾಲು. ಇಂತಹ ಗಾಡಿಯನ್ನು "ಗುಜರಿ" ಎಂದು ಕರೆಯುವ ಧೈರ್ಯ ಯಾರಿಗಿದೆ? ಮಕ್ಕಳಿಗೂ ಇರಲಿಲ್ಲ.

ಆ ದಿನ ಬೀದಿಯಲ್ಲಿ ಸ್ವಲ್ಪ ಅಡ್ಡಾಡಿದೆವು. ಇಂತಹವು ಇನ್ನೂ ಎಷ್ಟಿವೆಯೆಂದು ಎಣಿಸತೊಡಗಿದರೆ ಎರಡು ಕೈಗಳ ಬೆರಳುಗಳು ಸಾಲಲಿಲ್ಲ. ಒಂದು ಮಾರುತಿ ಓಮ್ನಿ, ಅದರ ಚಕ್ರದ ಸಂದಿನಲ್ಲಿ ಅರಳಿಗಿಡ. ಸೀಟು ಹರಿದು ಸ್ಪಂಜು ನೀರು ಹೀರಿದ ಸ್ಕೂಟರುಗಳು. ಮೈಸೂರಿನ ಕಾರ್ಖಾನೆಯಿಂದ ಎಂದೋ ಹೊರಬಂದ, ಈಗ ಬಣ್ಣವೇ ತಿಳಿಯದ ಒಂದು ಯೆಜ್ಡಿ. ಹೋಟೆಲಿನ ಹಿಂದೆ ನಿಂತ ಸಾಮಾನು ಸಾಗಿಸುವ ಪುಟ್ಟ ಗಾಡಿಯ ತೊಟ್ಟಿಯಂತೂ ಕೆರೆಯಂತಿತ್ತು. ಪ್ರತಿಯೊಂದಕ್ಕೂ ಒಬ್ಬ ಒಡೆಯನಿದ್ದಾನೆ, ಒಂದು ಕಥೆಯಿದೆ. ತಂದೆಯ ನೆನಪು, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ, ಕಳೆದುಹೋದ ನೋಂದಣಿ ಪತ್ರ, "ಮುಂದಿನ ತಿಂಗಳು ರಿಪೇರಿ ಮಾಡಿಸುತ್ತೇನೆ" ಎಂಬ ಏಳು ವರ್ಷ ಹಳೆಯ ಸಂಕಲ್ಪ. ನಮ್ಮ ಪರಂಪರೆ ಜಂಗಮವನ್ನು ಮೇಲೆನ್ನುತ್ತದೆ. ಇಲ್ಲಿ ಚಲಿಸಲೆಂದೇ ಹುಟ್ಟಿದವು ಸ್ಥಾವರವಾಗಿ ಕುಳಿತಿವೆ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸನೀಯವೆಂಬ ಅಧ್ಯಾಯವಿದೆ. ಗಂಗಾತೀರದ ಕಾಂಪಿಲ್ಯ ನಗರದಲ್ಲಿ ಪುನರ್ವಸು ಆತ್ರೇಯರು ಶಿಷ್ಯ ಅಗ್ನಿವೇಶನಿಗೆ ಬೋಧಿಸಿದ್ದು. ಬೇರೆಬೇರೆ ಪ್ರಕೃತಿಯ, ಬೇರೆಬೇರೆ ಆಹಾರದ, ಬೇರೆಬೇರೆ ವಯಸ್ಸಿನ ಜನರಿಗೆಲ್ಲ ಒಂದೇ ಕಾಲಕ್ಕೆ ಒಂದೇ ರೋಗ ಬರುವುದು ಹೇಗೆ ಎಂಬುದು ಶಿಷ್ಯನ ಪ್ರಶ್ನೆ. ವಾಯು, ಜಲ, ದೇಶ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಮಾನವಾದವು, ಅವು ಕೆಟ್ಟರೆ ಊರಿಗೆ ಊರೇ ಕೆಡುತ್ತದೆ ಎಂಬುದು ಗುರುಗಳ ಉತ್ತರ. ಕೆಟ್ಟ ದೇಶದ ಲಕ್ಷಣಗಳನ್ನು ಹೇಳುವಾಗ ಆಚಾರ್ಯರು ಸೊಳ್ಳೆ, ನೊಣ, ಇಲಿಗಳನ್ನು ಹೆಸರಿಸಿಯೇ ಎಣಿಸುತ್ತಾರೆ. ಸುಶ್ರುತರು ಸೊಳ್ಳೆಗಳಲ್ಲಿ ಐದು ಬಗೆಗಳನ್ನು ಹೇಳಿದ್ದಾರೆ. ಆ ಕಾಲದಲ್ಲಿ ಡೆಂಗೀ ವೈರಾಣುವಿನ ಅರಿವಿತ್ತೆಂದು ಹೇಳುವವರ ಗುಂಪಿಗೆ ನಾವು ಸೇರಿದವರಲ್ಲ. ಆದರೆ ರೋಗಿಯ ದೇಹವನ್ನಷ್ಟೇ ನೋಡಿದರೆ ಸಾಲದು, ಅವನು ಬದುಕುವ ನೆಲವನ್ನೂ ನೋಡಬೇಕೆಂಬ ತಿಳಿವಳಿಕೆ ಅವರಿಗಿತ್ತು.

ಡೆಂಗೀ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಡ, ತಿಳಿಯಾಗಿ ನಿಂತ ನೀರು ಬೇಕು. ಒಂದು ಬಾಟಲಿಯ ಮುಚ್ಚಳದಷ್ಟು ನೀರು ಸಹ ಅದಕ್ಕೆ ಸಾಕು. ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ನಮ್ಮ ಊರಿನ ಹವೆಯಲ್ಲಿ ಸುಮಾರು ಏಳರಿಂದ ಹತ್ತು ದಿನ. ನೀರು ಒಣಗಿದರೆ ಪೀಡೆ ತೀರಿತೆನ್ನುವಂತಿಲ್ಲ. ಟೈರಿನ ಒಳಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲಿಯೇ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮುಂದಿನ ಮಳೆಯ ಹನಿ ಬಿದ್ದೊಡನೆ ಒಡೆಯುತ್ತವೆ. ಆದ್ದರಿಂದ ನೀರನ್ನು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಹುಟ್ಟಿದ ಸೊಳ್ಳೆ ಸಾಮಾನ್ಯವಾಗಿ ನೂರಿನ್ನೂರು ಮೀಟರುಗಳಾಚೆ ಹಾರುವುದಿಲ್ಲ. ಹಗಲಿನಲ್ಲೇ, ಅದರಲ್ಲೂ ಬೆಳಗಿನ ಮತ್ತು ಸಂಜೆಯ ಹೊತ್ತಿನಲ್ಲಿ ಕಚ್ಚುತ್ತದೆ. ಶ್ರೀರಾಂಪುರದಂತಹ ಒತ್ತೊತ್ತಾದ ಬೀದಿಯಲ್ಲಿ ನೂರು ಮೀಟರೆಂದರೆ ಎಷ್ಟು ಮನೆಗಳು, ಎಷ್ಟು ಮಕ್ಕಳು! ಒಬ್ಬರ ಬಾಗಿಲಿನ ಟೈರು ಬೀದಿಗೆಲ್ಲ ಸೇರಿದ ಟೈರು.

ನಿಂತ ವಾಹನದೊಳಗೆ ಸೊಳ್ಳೆಯೊಂದೇ ಸಂಸಾರ ಹೂಡುವುದಿಲ್ಲ. ಸೀಟಿನ ಸ್ಪಂಜು ಹೆಗ್ಗಣಗಳಿಗೆ ಹಾಸಿಗೆ. ಅವುಗಳ ಮೂತ್ರ ಬೆರೆತ ಮಳೆನೀರಿನಲ್ಲಿ ಬರಿಗಾಲಿನಲ್ಲಿ ನಡೆದವರಿಗೆ ಇಲಿಜ್ವರ ಬರುವ ಸಂಭವವಿದೆ. ಹಳೆಯ ಬ್ಯಾಟರಿಯ ಆಮ್ಲ ಮತ್ತು ಸೀಸ ಆಟವಾಡುವ ಮಕ್ಕಳ ಕೈಗೆ ಸೇರುತ್ತವೆ. ಕಿರುಬೀದಿಯಲ್ಲಿ ಆಂಬ್ಯುಲೆನ್ಸ್ ಒಳಬರಲಾಗದೆ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಮುಖ್ಯರಸ್ತೆಯವರೆಗೆ ಹೊತ್ತು ತಂದುದನ್ನು ನಾವೇ ಕಂಡಿದ್ದೇವೆ.

ಹಳೆಯ ಬೆಂಗಳೂರಿನವರಾದ ನಮಗೆ ಇದರಲ್ಲಿ ಒಂದು ನಾಚಿಕೆಯ ಸಂಗತಿಯೂ ಇದೆ. 1898ರಲ್ಲಿ ಊರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತಂದು ನೆಲೆಗೊಳಿಸಿದ ಬಡಾವಣೆಗಳು ಮಲ್ಲೇಶ್ವರ ಮತ್ತು ಬಸವನಗುಡಿ. ಗಾಳಿ ಬೆಳಕು ಬರಲೆಂದು ಅಗಲವಾದ ರಸ್ತೆಗಳನ್ನೂ, ಕೊಳೆ ಮನೆಯ ಮುಂದೆ ಬಾರದಂತೆ ಸಾಗಿಸಲು ಸಾಲುಮನೆಗಳ ಹಿಂದೆ ಕಿರುಓಣಿಗಳನ್ನೂ ಬಿಟ್ಟರು. ರೋಗ ಬರದಂತೆ ಊರನ್ನೇ ಕಟ್ಟಿದ ಕಾಲವದು. ಆ ಹಿತ್ತಲ ಓಣಿಗಳಲ್ಲಿ ಕೆಲವನ್ನು ಇಂದು ನಡೆದು ನೋಡಿ. ಇಲಿಗಳಿಂದ ತಪ್ಪಿಸಿಕೊಳ್ಳಲು ಬಿಟ್ಟ ಜಾಗದಲ್ಲಿ ಇಲಿಗಳಿಗೆ ಮನೆಯಾಗುವಂತೆ ಕೆಟ್ಟ ಕಾರುಗಳನ್ನು ನಿಲ್ಲಿಸಿದ್ದೇವೆ.

ಇನ್ನು ಕಾನೂನಿನ ಮಾತು. ಅಜ್ಜಿಯ ಹಿರಿಯ ಮಗ ನಮ್ಮೊಡನೆ ಕೊಂಚ ಬಿಸಿಯಾಗಿಯೇ ವಾದಿಸಿದರು: "ಗಾಡಿ ಓಡಿಸ್ತಾ ಇಲ್ಲ, ನಮ್ಮನೆ ಮುಂದೆ ನಿಂತಿದೆ. ಯಾರಿಗೇನು ಸಾರ್?" ಅವರ ಪ್ರಶ್ನೆ ಅಸಂಬದ್ಧವಲ್ಲ. 1988ರ ಮೋಟಾರು ವಾಹನ ಕಾಯಿದೆಯ 39ನೆಯ ಕಲಮು ನಿಷೇಧಿಸುವುದು ನೋಂದಣಿಯಿಲ್ಲದ ವಾಹನವನ್ನು ಓಡಿಸುವುದನ್ನು. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಗಳವರೆಗೆ, ಆಮೇಲೆ ನವೀಕರಿಸಬೇಕು. ಆಟೋದಂತಹ ಬಾಡಿಗೆ ವಾಹನಕ್ಕೆ ಅರ್ಹತಾ ಪತ್ರದ ಅವಧಿ ಮುಗಿದ ದಿನವೇ 56ನೆಯ ಕಲಮಿನ ಪ್ರಕಾರ ಅದು ಕ್ರಮಬದ್ಧ ನೋಂದಣಿ ಇಲ್ಲದ ವಾಹನವೆಂದೇ ಎಣಿಕೆ. ಅಂದರೆ ಈ ಗಾಡಿ ಕಾನೂನಿನ ಕಣ್ಣಿನಲ್ಲಿ ಎಂದೋ ನೋಂದಣಿ ಕಳೆದುಕೊಂಡಿತ್ತು. ಆದರೂ ಸ್ವಂತ ಕಾಂಪೌಂಡಿನೊಳಗೆ ಸುಮ್ಮನೆ ನಿಂತ ವಾಹನದ ಮೇಲೆ ಆ ಕಾಯಿದೆಯ ಕೈ ಅಷ್ಟಾಗಿ ಚಾಚುವುದಿಲ್ಲ. ರಸ್ತೆಯ ಮಾತು ಬೇರೆ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ವಾರಸುದಾರರಿಲ್ಲದಂತೆ ಬಿಟ್ಟ ವಾಹನವನ್ನು ಎಳೆದೊಯ್ಯಲು 127ನೆಯ ಕಲಮು ಪೊಲೀಸರಿಗೆ ಅಧಿಕಾರ ಕೊಟ್ಟಿದೆ, ಎಳೆದೊಯ್ದ ಖರ್ಚೂ ಒಡೆಯನದೇ. ಈ ಮನೆಯ ಆಟೋ ನಿಂತಿದ್ದುದು ಹೊಸ್ತಿಲಿಗೂ ಚರಂಡಿಗೂ ನಡುವೆ, ಅರ್ಧ ಮನೆಯದು ಅರ್ಧ ಬೀದಿಯದು. ನಮ್ಮ ಬಡಾವಣೆಗಳ ಬಹುಪಾಲು ವಾಹನಗಳ ಸ್ಥಿತಿಯೂ ಇದೇ.

ಗೇಟಿನ ಬಳಿ ವಾಹನದ ಕಾನೂನು ನಿಲ್ಲುತ್ತದೆ, ಸೊಳ್ಳೆ ನಿಲ್ಲುವುದಿಲ್ಲ. ಆದುದರಿಂದ ಗೇಟನ್ನು ದಾಟಬೇಕಾದದ್ದು ಆರೋಗ್ಯದ ಕಾನೂನು. 2024ರ ಮಳೆಗಾಲದಲ್ಲಿ ಡೆಂಗೀ ಉಲ್ಬಣಿಸಿದಾಗ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, 2020ರ ಸಾಂಕ್ರಾಮಿಕ ರೋಗಗಳ ಕಾಯಿದೆಯಡಿಯ ನಿಯಮಗಳಿಗೆ ತಿದ್ದುಪಡಿ ತಂದಿತು. ಸೊಳ್ಳೆ ಬೆಳೆಯಲು ಎಡೆಕೊಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಗ್ರಾಮಾಂತರದಲ್ಲಿ 200 ರೂಪಾಯಿ ದಂಡ. ಅಂಗಡಿ, ಹೋಟೆಲು ಮುಂತಾದ ವಾಣಿಜ್ಯ ಸ್ಥಳಗಳಿಗೆ ನಗರದಲ್ಲಿ 1,000, ಖಾಲಿ ನಿವೇಶನ ಮತ್ತು ಕಟ್ಟಡ ಕಾಮಗಾರಿಯ ಸ್ಥಳಗಳಿಗೆ 2,000. ನಾನೂರು ರೂಪಾಯಿ ಇಂದು ಮದುವೆ ಮನೆಯ ಮುಯ್ಯಿಗೂ ಸಾಲದು. ದಂಡದ ಭಯದಿಂದ ಯಾರೂ ತಂದೆಯ ಗಾಡಿಯನ್ನು ಬಿಟ್ಟುಕೊಡುತ್ತಾರೆಂದು ನಮಗೆ ಅನಿಸುವುದಿಲ್ಲ. ಆದರೆ ನಿಮ್ಮ ಮನೆಯಂಗಳದ ನೀರು ನಿಮ್ಮ ಸ್ವಂತ ವಿಷಯವಲ್ಲವೆಂಬುದನ್ನು ಸರ್ಕಾರ ಕಾಗದದ ಮೇಲೆ ಬರೆಯಿತಲ್ಲ, ಅದು ದೊಡ್ಡದು.

ಹೊರದೇಶಗಳಲ್ಲಿ ಈ ಶಿಸ್ತು ಹಳೆಯದು. ಬ್ರಿಟನ್ನಿನಲ್ಲಿ ವಾಹನವನ್ನು ತೆರಿಗೆ ಕಟ್ಟದೆ ಮನೆಯಲ್ಲಿ ನಿಲ್ಲಿಸುವುದಾದರೆ ಅದು ರಸ್ತೆಗಿಳಿಯುವುದಿಲ್ಲವೆಂದು ಒಡೆಯ ಸರ್ಕಾರಕ್ಕೆ ಬರೆದುಕೊಡಬೇಕು. ಜಪಾನಿನಲ್ಲಿ 1962ರಿಂದಲೂ ಕಾರು ಕೊಳ್ಳುವವನು ಅದನ್ನು ನಿಲ್ಲಿಸಲು ಜಾಗವಿದೆಯೆಂದು ತೋರಿಸಬೇಕು. ಅಮೆರಿಕದ ಎಷ್ಟೋ ಪಟ್ಟಣಗಳಲ್ಲಿ ನೋಂದಣಿಯಿಲ್ಲದ ಕಾರು ಸ್ವಂತ ಅಂಗಳದಲ್ಲಿ ಕಂಡರೂ ನೋಟಿಸು ಬರುತ್ತದೆ. ನಮ್ಮ ರಾಜ್ಯದಲ್ಲಿಯೂ 2021ರಲ್ಲಿ ಬೆಂಗಳೂರಿಗೊಂದು ಪಾರ್ಕಿಂಗ್ ನೀತಿ ಒಪ್ಪಿಗೆ ಪಡೆಯಿತು, ಮನೆ ಮುಂದಿನ ರಸ್ತೆಯಲ್ಲಿ ವಾಹನ ನಿಲ್ಲಿಸಲು ವಾರ್ಷಿಕ ಪರವಾನಗಿಯ ಮಾತು ಅದರಲ್ಲಿದೆ. ಶ್ರೀರಾಂಪುರದ ನಮ್ಮ ಬೀದಿಗಳನ್ನು ಅದು ಇನ್ನೂ ತಲುಪಿಲ್ಲ.

ಇಷ್ಟೆಲ್ಲ ಉಪದೇಶ ಮಾಡಿ ಮನೆಗೆ ಬಂದ ನಮಗೆ ಆ ಸಂಜೆ ನಿದ್ದೆ ಬರಲಿಲ್ಲ. ನಮ್ಮ ಚಿಕಿತ್ಸಾಲಯದ ಹಿತ್ತಲಿನಲ್ಲಿ, ಅಮೃತಬಳ್ಳಿ ಹಬ್ಬಿದ ಗೋಡೆಯ ಪಕ್ಕ, ನಮ್ಮ ತಂದೆಯವರ ಬಜಾಜ್ ಚೇತಕ್ ಇತ್ತು. ಶಾಲಾ ಉಪಾಧ್ಯಾಯರಾಗಿದ್ದ ಅವರು ಪ್ರತಿ ಹುಣ್ಣಿಮೆಯ ಶಿವಾನುಭವ ಗೋಷ್ಠಿಗೆ ನಮ್ಮನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದ ಸ್ಕೂಟರು. ಅವರು ಅಗಲಿ ಹನ್ನೊಂದು ವರ್ಷ. ಬೆಳಗಾಗುತ್ತಲೇ ಬ್ಯಾಟರಿ ಹಿಡಿದು ನೋಡಿದೆವು. ಸ್ಟೆಪ್ನಿ ಟೈರಿನೊಳಗೆ ನೀರು, ನೀರಿನೊಳಗೆ ಅದೇ ನುಲಿಯುವ ಹುಳುಗಳು. ಆ ಗೋಡೆಯ ಈಚೆ ಬದಿಯಲ್ಲಿ ಜ್ವರದ ರೋಗಿಗಳು ಕಾಯುವ ಬೆಂಚು ಇದೆ. ಜ್ವರವಿದ್ದವನನ್ನು ಕಚ್ಚಿದ ಸೊಳ್ಳೆ ಪಕ್ಕದಲ್ಲಿ ಕುಳಿತ ಕೆಮ್ಮಿನ ರೋಗಿಯನ್ನು ಕೆಲದಿನಗಳ ಬಳಿಕ ಕಚ್ಚಲು ಎಲ್ಲ ಅನುಕೂಲವನ್ನೂ ವೈದ್ಯರೇ ಮಾಡಿಕೊಟ್ಟಿದ್ದರು.

ಅದನ್ನು ಕಳುಹಿಸಲು ನಮಗೆ ಐದು ತಿಂಗಳು ಹಿಡಿಯಿತು. ನೋಂದಣಿ ಪುಸ್ತಕ ಸಿಗಲಿಲ್ಲ, ಅದಕ್ಕೊಂದು ದೂರು, ನಕಲಿಗೊಂದು ಅರ್ಜಿ. ದಾವಣಗೆರೆಯಲ್ಲಿರುವ ತಂಗಿಯ ಒಪ್ಪಿಗೆ ಪತ್ರ. ಒಂದು ಕಚೇರಿಯಲ್ಲಿ ಮೂರು ಬಾರಿ ಮೂರು ಬೇರೆಬೇರೆ ಕಾಗದ ಕೇಳಿದರು. ಒಂದೇ ಸಲ ಹೇಳಿದ್ದರೆ ಎರಡು ದಿನದ ರೋಗಿಗಳನ್ನು ನಾವು ವಾಪಸು ಕಳುಹಿಸಬೇಕಾಗುತ್ತಿರಲಿಲ್ಲ. ಕಾನೂನನ್ನು ಪಾಲಿಸುವವನ ದಾರಿ ಇಷ್ಟು ಉದ್ದವಿದ್ದರೆ ಟಾರ್ಪಾಲು ಹೊದಿಸುವುದೇ ಸುಲಭವೆಂದು ಜನ ತಿಳಿದರೆ ಆಶ್ಚರ್ಯವಿಲ್ಲ.

ನಮಗೆ ತಿಳಿದುದನ್ನು ಭಕ್ತಬಂಧುಗಳಿಗೆ ತಿಳಿಸುತ್ತೇವೆ. ವಾಹನದ ಒಡೆಯರು ತೀರಿಕೊಂಡರೆ ಮೂವತ್ತು ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಆಟೋ, ಟ್ಯಾಕ್ಸಿಗಳ ರಹದಾರಿಗೂ ಇಂತಹುದೇ ಮೂವತ್ತು ದಿನ, ಮೂರು ತಿಂಗಳ ಗಡುವಿದೆ. ಮರಣದ ಸೂತಕ, ದುಃಖಗಳ ನಡುವೆ ಇದು ಯಾರಿಗೂ ನೆನಪಾಗುವುದಿಲ್ಲ. ಶ್ರೀರಾಂಪುರದ ಆ ಕುಟುಂಬಕ್ಕೂ ಆಗಲಿಲ್ಲ, ಮರುವರ್ಷ ಕೋವಿಡ್ ಬಂದು ಎಲ್ಲ ನಿಂತಿತು. ಕಾಲಕ್ಕೆ ಅರ್ಜಿ ಹಾಕಿದ್ದರೆ ಗಾಡಿಯೂ ರಹದಾರಿಯೂ ಕಿರಿಯ ಮಗನ ಕೈಯಲ್ಲಿ ಕಾಯಕವಾಗಿ ಮುಂದುವರಿಯಬಹುದಿತ್ತು. ಸೊಳ್ಳೆಗಿಂತ ನಮ್ಮನ್ನು ಹೆಚ್ಚು ನೋಯಿಸಿದ ಸಂಗತಿ ಇದು. ಮನೆಯಲ್ಲಿ ಹಿರಿಯರು ಇರುವಾಗಲೇ ವಾಹನದ ಕಾಗದಗಳು ಎಲ್ಲಿವೆಯೆಂದು ಕೇಳಿಟ್ಟುಕೊಳ್ಳುವುದು ಅಪಶಕುನವಲ್ಲ.

ಇನ್ನು ಓಡಲಾರದ ವಾಹನದ ವಿಷಯ. ಅದನ್ನು ಬೀದಿಯ ಗುಜರಿಯವರಿಗೆ ತೂಕಕ್ಕೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ನೋಂದಣಿ ರದ್ದಾಗದಿದ್ದರೆ ವಾಹನ ಕಾಗದದಲ್ಲಿ ನಿಮ್ಮದಾಗಿಯೇ ಉಳಿಯುತ್ತದೆ. ಅದರ ಸಂಖ್ಯೆಯನ್ನು ಬೇರೆಯವರು ಬಳಸಿದರೆ ಮನೆಗೆ ಬರುವುದು ಪೊಲೀಸರು. ವಾಹನ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಹದಿನಾಲ್ಕು ದಿನಗಳೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಪತ್ರದೊಡನೆ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಕಾಯಿದೆಯ 55ನೆಯ ಕಲಮು ಹೇಳುತ್ತದೆ. 2021ರ ಕೇಂದ್ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿತವಾದ ವಾಹನ ಗುಜರಿ ಕೇಂದ್ರಗಳಿವೆ. ಅಲ್ಲಿಗೆ ಒಪ್ಪಿಸಿದರೆ ಠೇವಣಿ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ತೋರಿಸಿ ಹೊಸ ಖಾಸಗಿ ವಾಹನ ಕೊಂಡರೆ ತೆರಿಗೆಯಲ್ಲಿ ಶೇಕಡ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮ ರಾಜ್ಯಗಳಿಗೆ ಅವಕಾಶ ಮಾಡಿದೆ. ಹತ್ತಿರದ ಕೇಂದ್ರ ಯಾವುದು, ಏನೇನು ಕಾಗದ ಬೇಕು ಎಂಬುದನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಕೇಳಿ, ಬರೆದುಕೊಂಡು ಬನ್ನಿ. ಬರೆದುಕೊಂಡು ಎಂಬುದನ್ನು ಒತ್ತಿ ಹೇಳುತ್ತೇವೆ.

ಅಲ್ಲಿಯವರೆಗೆ ಗಾಡಿ ನಿಂತಿರಲೇಬೇಕಾದರೆ ಟಾರ್ಪಾಲನ್ನು ಇಳಿಜಾರಾಗಿ ಬಿಗಿದು ಕಟ್ಟಿ. ಅದರ ಮೇಲಿನ ಟೈರುಗಳನ್ನು ತೆಗೆಯಿರಿ. ಬಿಡಿ ಟೈರುಗಳನ್ನು ಮಳೆ ಬೀಳದ ಕಡೆ ಇಡಿ. ವಾರಕ್ಕೊಂದು ದಿನ, ಸೋಮವಾರದ ಪೂಜೆಗೆ ಮುನ್ನ ಎಂದಿಟ್ಟುಕೊಳ್ಳಿ, ನೀರು ನಿಲ್ಲುವ ಸಂದುಗಳನ್ನೆಲ್ಲ ಚೆಲ್ಲಿ ಉಜ್ಜಿ. ಬ್ಯಾಟರಿಯನ್ನು ಬಿಚ್ಚಿಸಿ ಅಂಗಡಿಗೆ ಹಿಂದಿರುಗಿಸಿ, ಪೆಟ್ರೋಲನ್ನು ಮೆಕ್ಯಾನಿಕರಿಂದ ತೆಗೆಸಿ.

ಡೆಂಗೀ ಜ್ವರದ ಬಗ್ಗೆ ಎರಡು ಮಾತು, ಏಕೆಂದರೆ ಆ ಬಾಲಕನ ಐದನೆಯ ದಿನ ನಮ್ಮ ಮನಸ್ಸಿನಿಂದ ಹೋಗಿಲ್ಲ. ಜ್ವರ ಇಳಿಯುವ ಹೊತ್ತೇ ಈ ರೋಗದ ಅಪಾಯದ ಹೊತ್ತು. ಜ್ವರ ಬಂದ ಮೂರರಿಂದ ಏಳನೆಯ ದಿನದ ನಡುವೆ ತೀವ್ರ ಹೊಟ್ಟೆನೋವು, ಮರುಕಳಿಸುವ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ತಣ್ಣನೆಯ ಕೈಕಾಲು, ಮೂತ್ರ ಕಡಿಮೆಯಾಗುವುದು, ಮಂಕು ಅಥವಾ ಚಡಪಡಿಕೆ ಕಂಡರೆ ಅದೇ ಗಳಿಗೆಯಲ್ಲಿ ಆಸ್ಪತ್ರೆ. ನಮ್ಮಂಥ ಆಯುರ್ವೇದ ವೈದ್ಯರಲ್ಲಿಗೂ ಮೊದಲು ಬರಬೇಕಾಗಿಲ್ಲ. ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಪರಂಗಿ ಎಲೆಯ ರಸದ ಬಗ್ಗೆ ನಮ್ಮನ್ನು ಕೇಳದವರಿಲ್ಲ. ಅದು ಸೋರುವ ರಕ್ತನಾಳವನ್ನು ಮುಚ್ಚುವುದಿಲ್ಲ, ಆಸ್ಪತ್ರೆಯ ಸಲೈನಿಗೆ ಬದಲಿಯೂ ಅಲ್ಲ. ಅದನ್ನು ನಂಬಿ ಒಂದು ರಾತ್ರಿ ಕಾದವರ ಪಾಡು ಮೇಲೆ ಓದಿದ್ದೀರಿ. ಗಂಜಿ, ಎಳನೀರು, ಓಆರ್‌ಎಸ್, ಮಜ್ಜಿಗೆಯಂತಹ ದ್ರವಗಳು, ಸೊಳ್ಳೆಪರದೆಯೊಳಗಿನ ವಿಶ್ರಾಂತಿ, ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್, ಹೇಳಿದ ದಿನಕ್ಕೆ ರಕ್ತಪರೀಕ್ಷೆ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ. ಪರದೆ ಹಗಲಿನಲ್ಲಿಯೂ ಬೇಕು; ರೋಗಿಯನ್ನು ಕಚ್ಚಿದ ಸೊಳ್ಳೆಯೇ ಮುಂದಿನ ಮನೆಗೆ ರೋಗ ಒಯ್ಯುವುದು.

ಶ್ರೀರಾಂಪುರದ ಆಟೋ ಆ ವರ್ಷದ ಆಯುಧಪೂಜೆಯಂದು ಕೊನೆಯ ಬಾರಿ ಹೂಮಾಲೆ ತೊಟ್ಟಿತು. ಮುಂದಿನ ವಾರ ಹಿರಿಯ ಮಗನೇ ಸಾರಿಗೆ ಕಚೇರಿಗೆ ಹೋಗಿ ಅರ್ಜಿ ಬರೆದುಕೊಟ್ಟರು. ಕಾಗದಗಳು ಮುಗಿಯಲು ಅವರಿಗೂ ತಿಂಗಳುಗಳೇ ಬೇಕಾದವು, ಅದುವರೆಗೆ ಪ್ರತಿ ಸೋಮವಾರ ಟಾರ್ಪಾಲಿನ ನೀರು ಚೆಲ್ಲುವ ಕಾಯಕವನ್ನು ಗುಣವಾದ ಬಾಲಕ ವಹಿಸಿಕೊಂಡಿದ್ದ. ಗಾಡಿಯನ್ನು ಎಳೆದೊಯ್ಯಲು ಲಾರಿ ಬಂದ ಬೆಳಿಗ್ಗೆ ಅಜ್ಜಿ ಫೋನು ಮಾಡಿಸಿ ನಮ್ಮನ್ನು ಕೇಳಿದರು: "ಮೀಟರೊಂದನ್ನ ಬಿಚ್ಚಿಟ್ಕೋಬಹುದಾ ಡಾಕ್ಟ್ರೇ? ಅವರ ಕೈ ಆಡಿದ್ದು." ಹಳೆಯ ಕಾಲದ, ಬಾವುಟದಂತಹ ಹಿಡಿಯನ್ನು ಕೆಳಕ್ಕೆ ತಿರುಗಿಸುವ ಮೀಟರು. ಅದರಲ್ಲಿ ನೀರು ನಿಲ್ಲುವುದಿಲ್ಲ, ಇಟ್ಟುಕೊಳ್ಳಿ ತಾಯಿ ಎಂದೆವು. ಈಗ ಅದು ಅವರ ದೇವರ ಮನೆಯ ಗೂಡಿನಲ್ಲಿದೆ.